ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆಗಳಿಗೆ ಒಂದು ಸಂಜೆ

(ಚಿತ್ರದುರ್ಗದಲ್ಲಿ ನಡೆದ ಮೊದಲ ವಿಜ್ಞಾನ ಸಂಜೆಯ ಆರಂಭದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಕಿಟಕಿ ಪಕ್ಕದ ಬೆಂಚು ಖಾಲಿ ಇದೆ. ಆರ್ಡರ್ ಕೊಡುವವರು ಕೊಡ್ತಾ ಇರಿ, ನನಗೇನೂ ತೊಂದರೆ ಇಲ್ಲ. ಒಂದು ಪ್ಲೇಟ್ ಹುರಿದ ಶೇಂಗಾ ಮಾತ್ರ ಈ ಟೇಬಲ್ ಮೇಲೆ ಇಡಿ. ಅದರಿಂದ ಕೆಲಸ ಇದೆ.

ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವನು. ಕೆಳಗೆ ಬಾರ್, ಮೇಲೆ ಫ್ಯಾಮಿಲಿ ಹಾಲ್. ಇಂಥ ಕಡೆ ವಿಜ್ಞಾನದ ಮಾತು ಯಾಕೆ ಎಂದು ಈ ವಾರ ತುಂಬಾ ಜನ ಕೇಳಿದರು. ನಮ್ಮ ಮನೆಯಲ್ಲೂ ಕೇಳಿದರು. ಅದಕ್ಕೆ ಉತ್ತರ ಒಬ್ಬ ಹುಡುಗನಿಂದ ಶುರುವಾಗುತ್ತದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು, ಮೊದಲನೇ ಪೀರಿಯಡ್. ಹಿರಿಯೂರು ಕಡೆಯ ಹಳ್ಳಿ ಹುಡುಗ ಎದ್ದು ನಿಂತ. "ಸರ್, ಚಳಿಗಾಲದಲ್ಲಿ ಬೋರ್‌ವೆಲ್ ನೀರು ಯಾಕೆ ಬೆಚ್ಚಗೆ ಬರುತ್ತೆ?" ಎಂದು ಕೇಳಿದ. ನನಗೆ ಪಾಠ ಮುಗಿಸುವ ಅವಸರ. "ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ" ಅಂದೆ. ಕೂತ. ಆ ವರ್ಷ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೋದ ವರ್ಷ ಇದೇ ಕಟ್ಟಡದ ಮೆಟ್ಟಿಲ ಮೇಲೆ ಸಿಕ್ಕ. ಈಗ ಅವನದೇ ಬೋರ್ ಲಾರಿ ಇದೆ. ಕೈ ಹಿಡಿದು ಮಾತಾಡಿಸಿದ. ಮನೆ, ಮಕ್ಕಳು, ಮಳೆ ಎಲ್ಲ ಆಯಿತು. ಆಮೇಲೆ ಸ್ವಲ್ಪ ತಡೆದು, "ಸರ್, ಆ ಬೋರ್ ನೀರಿನ ಪ್ರಶ್ನೆ ಈಗ ಕೇಳಬಹುದಾ?" ಅಂದ. ನನಗೆ ಗಂಟಲು ಕಟ್ಟಿತು. ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಹೇಳಿದೆ. ಬಿಸಿಲಿನ ಕಾವು, ಚಳಿಯ ತಂಪು ಎರಡೂ ನೆಲದೊಳಗೆ ಬಹಳ ನಿಧಾನ ಇಳಿಯುತ್ತವೆ. ಕೆಲವು ಮೀಟರ್ ಹೋಗುವಷ್ಟರಲ್ಲಿ ಅವುಗಳ ಜೋರು ಕಮ್ಮಿಯಾಗಿರುತ್ತದೆ. ಇನ್ನೂ ಕೆಳಗೆ ಹೋದರೆ ಬೇಸಿಗೆ ಚಳಿಗಾಲ ಎಂಬ ಭೇದವೇ ಇಲ್ಲ, ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಬಿಸಿ. ನೀರು ಇದ್ದ ಹಾಗೇ ಇದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಕೈ ತಣ್ಣಗಿರುವುದರಿಂದ ಅದು ಬೆಚ್ಚಗೆ ಅನ್ನಿಸುತ್ತದೆ. ಅದೇ ನೀರು ಮೇ ತಿಂಗಳ ಮಧ್ಯಾಹ್ನ ತಂಪು ಅನ್ನಿಸುತ್ತದೆ.

ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಹಾಗಾದ್ರೆ ಸಾವಿರ ಅಡಿ ಬೋರ್ ನೀರು ಇನ್ನೂ ಬಿಸಿ ಇರುತ್ತಲ್ಲ ಸರ್, ಅದು?" ಅಂದ. ಭೂಮಿಯ ಒಳಗಿನ ಕಾವು ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಸಾವಿರ ಅಡಿ ಅಂದರೆ 300 ಮೀಟರ್. ಅಲ್ಲಿಗೆ ಎಂಟೊಂಬತ್ತು ಡಿಗ್ರಿ ಜಾಸ್ತಿ. ಆ ಲೆಕ್ಕ ನನಗೆ ಗೊತ್ತಿತ್ತು. ಆ ಬಿಸಿಯನ್ನು ಕೈಯಲ್ಲಿ ಹಿಡಿದು ನೋಡಿದವನು ಅವನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕ್ಲಾಸಿನಲ್ಲಿ ಎರಡು ನಿಮಿಷ ಕೊಟ್ಟಿದ್ದರೆ ಮುಗಿಯುತ್ತಿತ್ತು ಅನ್ನುವುದು ಒಂದು. ಪಿಯುಸಿ ದಾಟಿದ ಮೇಲೆ ಇಂಥ ಪ್ರಶ್ನೆ ಎಲ್ಲಿಗೆ ತೆಗೆದುಕೊಂಡು ಹೋಗಬೇಕು ಅನ್ನುವುದು ಇನ್ನೊಂದು.

ಮಕ್ಕಳಿಗೆ ವಿಜ್ಞಾನ ಮೇಳ ಇದೆ, ಕ್ವಿಜ್ ಇದೆ, ತಾರಾಲಯದ ಪ್ರವಾಸ ಇದೆ. ನಲವತ್ತು ದಾಟಿದ ಲಾರಿ ಮಾಲೀಕನಿಗೆ, ಅಂಗಡಿಯವನಿಗೆ, ನರ್ಸ್‌ಗೆ, ಹೊಲ ಮಾಡುವವನಿಗೆ ಏನಿದೆ? ಮೊಬೈಲ್ ಇದೆ. ಅದರಲ್ಲಿ ಬಂದ ಫಾರ್ವರ್ಡ್ ನಿಜವೋ ಸುಳ್ಳೋ ಎಂದು ಕೇಳಲು ಎದುರಿಗೆ ಮನುಷ್ಯ ಇಲ್ಲ.

ಬೇರೆ ಕಡೆ ಇದಕ್ಕೆ ಏನು ಮಾಡಿದ್ದಾರೆ ಎಂದು ಓದಿದೆ. 1992ರಲ್ಲಿ ಪ್ಯಾರಿಸ್‌ನ ಒಂದು ಕೆಫೆಯಲ್ಲಿ ಮಾರ್ಕ್ ಸೋಟೆ ಎಂಬ ಮೇಷ್ಟ್ರು ಕಾಫಿ ಕುಡಿಯುತ್ತ ತತ್ವಶಾಸ್ತ್ರದ ಚರ್ಚೆ ಶುರು ಮಾಡಿದರು. ಅದನ್ನು ನೋಡಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಡಂಕನ್ ಡಲ್ಲಾಸ್ 1998ರಲ್ಲಿ ವಿಜ್ಞಾನಕ್ಕೂ ಅಂಥದ್ದೇ ಒಂದು ಸಂಜೆ ಮಾಡಿದರು. ಅವರು ಟಿವಿ ಕಾರ್ಯಕ್ರಮ ಮಾಡುತ್ತಿದ್ದವರು. ಪದ್ಧತಿ ತುಂಬಾ ಸರಳ. ಒಬ್ಬರು ಇಪ್ಪತ್ತು ನಿಮಿಷ ಮಾತಾಡಬೇಕು. ಆಮೇಲೆ ಗ್ಲಾಸ್ ತುಂಬಿಸಿಕೊಳ್ಳಲು ಬಿಡುವು. ಉಳಿದ ಹೊತ್ತೆಲ್ಲ ಪ್ರಶ್ನೆಗೆ. 2003ರಲ್ಲಿ ಅಮೆರಿಕದ ಬಾಸ್ಟನ್‌ನ ಒಂದು ಬಾರಿನಲ್ಲಿ, ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಕ್ರಿಸ್ ಬಾಲಕೃಷ್ಣನ್ 'ನರ್ಡ್ ನೈಟ್' ಶುರು ಮಾಡಿದರು. ಈಗ ಅದು ಎಷ್ಟೋ ಊರುಗಳಲ್ಲಿ ನಡೆಯುತ್ತದೆ.

ನನ್ನ ಮನಸ್ಸಿಗೆ ತಟ್ಟಿದ್ದು ಲಂಡನ್ನಿನ ಕಥೆ. ಅಲ್ಲಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರವೀಣ್ ಪಾಲ್, ಮೈಕೆಲ್ ಮೋಟ್‌ಸ್ಕಿನ್ ಎಂಬ ಇಬ್ಬರು ಸಂಶೋಧಕರು. 2012ರಲ್ಲಿ ಪಾರ್ಕಿನ್ಸನ್, ಆಲ್ಜೈಮರ್‌ನಂಥ ಕಾಯಿಲೆ ಇದ್ದವರನ್ನು ಲ್ಯಾಬಿಗೇ ಕರೆಸಿ ತಾವು ಏನು ಮಾಡುತ್ತಿದ್ದೇವೆ ಎಂದು ತೋರಿಸಿದರು. ತನ್ನ ಕಾಯಿಲೆಯ ಮೇಲೆ ನಡೆಯುವ ಕೆಲಸವನ್ನು ರೋಗಿ ಹತ್ತಿರ ನಿಂತು ನೋಡುವುದು ಎಂದರೆ ಸಣ್ಣ ಮಾತಲ್ಲ. ಜನ ಲ್ಯಾಬಿಗೆ ಬರುವುದಾದರೆ ನಾವೂ ಜನ ಇರುವ ಕಡೆ ಹೋಗೋಣ ಅಂತ ಮರುವರ್ಷ ಮೇ ತಿಂಗಳಲ್ಲಿ ಪಬ್‌ಗಳಿಗೆ ಹೋದರು. ಅದರ ಹೆಸರು 'ಪಿಂಟ್ ಆಫ್ ಸೈನ್ಸ್'.

ಇದು ಹೊರಗಿನಿಂದ ಬಂದ ಶೋಕಿ ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲೇ ಸೈನ್ಸ್ ಫೋರಂ ಕಟ್ಟಿದರು. ವಾರ ವಾರ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಇನ್ನು ನಮ್ಮ ಸೀಮೆಯಲ್ಲಿ ರಾತ್ರಿಯಿಡೀ ಬಯಲಾಟ ನೋಡಿ, ಬೆಳಿಗ್ಗೆ ಪಾತ್ರದ ತಪ್ಪು-ಒಪ್ಪು ಮಾತಾಡಿಕೊಂಡು ಮನೆಗೆ ಹೋಗುವ ಜನ ಇದ್ದಾರೆ. ದೊಡ್ಡವರು ರಾತ್ರಿ ಕೂತು ಕೇಳುವುದು ನಮಗೆ ಹೊಸದಲ್ಲ.

ಈಗ ಬಾರ್ ವಿಷಯ. ನೇರವಾಗಿ ಹೇಳುತ್ತೇನೆ. ಅಲ್ಲಿನ ಪಬ್ ಬೇರೆ, ನಮ್ಮ ಬಾರ್ ಬೇರೆ. ಅಲ್ಲಿ ಮನೆಮಂದಿ ಊಟಕ್ಕೆ ಹೋಗುತ್ತಾರೆ. ನಮ್ಮಲ್ಲಿ ಹೆಣ್ಣುಮಕ್ಕಳು ಬಾರಿನ ಬಾಗಿಲಿನಲ್ಲಿ ನಿಂತರೂ ಜನ ತಿರುಗಿ ನೋಡುತ್ತಾರೆ. ಅರ್ಧ ಊರು ಬರಲಾಗದ ಸಭೆ ನನಗೆ ಬೇಡ. ಅದಕ್ಕೇ ರಸ್ತೆಯಿಂದ ನೇರ ಮೆಟ್ಟಿಲಿರುವ ಈ ಮೇಲಿನ ಹಾಲ್ ಕೇಳಿದ್ದು. ಮುಂದಿನ ಸಲ ಖಾನಾವಳಿಯಲ್ಲಿ ಮಾಡುತ್ತೇವೆ, ಆಮೇಲೆ ಮತ್ತೆ ಇಲ್ಲಿ. ಕುಡಿಯಬೇಕು ಅಂತೇನೂ ಇಲ್ಲ. ಕುಡಿದವರು ಗಾಡಿ ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ಬಂದು ತಗೊಳ್ಳಿ. ಹಾಗಿದ್ದರೂ ಬಾರ್ ಯಾಕೆ? ಇಲ್ಲಿ ಯಾರೂ ಮೇಷ್ಟ್ರಲ್ಲ, ಯಾರೂ ವಿದ್ಯಾರ್ಥಿ ಅಲ್ಲ. ಕಾಲೇಜಿನ ಹಾಲ್‌ನಲ್ಲಿ ಕರೆದರೆ ಆ ನನ್ನ ಹುಡುಗ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಮೆಟ್ಟಿಲ ಮೇಲೆ ಸಿಕ್ಕಾಗ ಬಾಯಿ ಬಿಟ್ಟ.

ಇನ್ನೊಂದು ಕಾರಣವೂ ಇದೆ. ವಿಜ್ಞಾನಕ್ಕೂ ಬಿಯರ್ ಕಾರ್ಖಾನೆಗೂ ಹಳೇ ನಂಟು. ಶಾಖದ ಲೆಕ್ಕದಲ್ಲಿ 'ಜೂಲ್' ಎಂದು ಬರೆದಿದ್ದೀರಲ್ಲ, ಆ ಜೇಮ್ಸ್ ಜೂಲ್ ಬಿಯರ್ ತಯಾರಿಸುವ ಮನೆತನದವರು. ಡಬ್ಲಿನ್‌ನ ಗಿನ್ನಿಸ್ ಕಂಪನಿಯಲ್ಲಿ ವಿಲಿಯಂ ಗಾಸೆಟ್ ಎಂಬ ಉದ್ಯೋಗಿ ಇದ್ದರು. ಅವರ ಕಷ್ಟ ನಮ್ಮ ಶೇಂಗಾ ರೈತನ ಕಷ್ಟವೇ. ನಾಲ್ಕೇ ಮಡಿಯಲ್ಲಿ ಹೊಸ ಬೀಜ ಹಾಕಿದ್ದೀರಿ, ಇಳುವರಿ ಸ್ವಲ್ಪ ಜಾಸ್ತಿ ಬಂತು. ಅದು ಬೀಜದ ಗುಣವೋ, ಆ ಮಡಿಗೆ ಸುಮ್ನೆ ಹದವಾಗಿ ಬಿದ್ದ ಮಳೆಯೋ? ಇಷ್ಟು ಕಡಿಮೆ ಲೆಕ್ಕ ಇಟ್ಟುಕೊಂಡು ಎಷ್ಟು ನಂಬಬಹುದು ಎಂದು ಹೇಳುವ ವಿಧಾನವನ್ನು ಗಾಸೆಟ್ 1908ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರು ಹಾಕಲು ಕಂಪನಿ ಬಿಡುತ್ತಿರಲಿಲ್ಲ. 'ಸ್ಟೂಡೆಂಟ್' ಎಂದು ಹಾಕಿದರು. ಇವತ್ತಿಗೂ ಕೃಷಿ ಸಂಶೋಧನೆಯಲ್ಲಿ, ಔಷಧದ ಪರೀಕ್ಷೆಯಲ್ಲಿ ಅದೇ ಲೆಕ್ಕ ನಡೆಯುತ್ತದೆ, ಅದೇ ಹೆಸರಿನಲ್ಲಿ.

ಶೇಂಗಾ ಬಂತಾ? ಸರಿ. ಹತ್ತಿರ ಇರುವವರು ನೋಡಿ, ದೂರ ಇರುವವರು ಎದ್ದು ಬನ್ನಿ.

ಈ ಗ್ಲಾಸಿನಲ್ಲಿ ಈಗಷ್ಟೇ ಸುರಿದ ಬಿಯರ್ ಇದೆ. ಸಿಪ್ಪೆ ತೆಗೆದ ಒಂದು ಶೇಂಗಾ ಬೀಜ ಹಾಕುತ್ತೇನೆ. ಮುಳುಗಿತು. ಈಗ ಕಾಯಿರಿ. ಬೀಜದ ಮೈ ಮೇಲೆ ಸಣ್ಣ ಗುಳ್ಳೆಗಳು ಕೂರುತ್ತಿವೆ, ಸಾಸಿವೆಗಿಂತ ಚಿಕ್ಕವು. ಒಂದಕ್ಕೊಂದು ಸೇರಿ ದಪ್ಪ ಆಗುತ್ತಿವೆ. ಅಲುಗಾಡಿತು. ನೋಡಿ, ಎದ್ದಿತು! ಮೇಲೆ ಬಂದು ಪಕ್ಕಕ್ಕೆ ಹೊರಳಿತು, ಗುಳ್ಳೆ ಒಡೆದವು, ಮತ್ತೆ ಇಳಿಯಿತು. ಗ್ಯಾಸ್ ಇರುವ ತನಕ ಇದು ಹೀಗೇ ಹತ್ತಿ ಇಳಿಯುತ್ತದೆ. ಕುಡಿಯದವರು ಸೋಡಾಕ್ಕೆ ಒಣದ್ರಾಕ್ಷಿ ಹಾಕಿ ನೋಡಿ, ಅದೇ ಆಟ.

ಒಳಗಿರುವ ಕಾರ್ಬನ್ ಡೈಆಕ್ಸೈಡ್‌ಗೆ ಹೊರಗೆ ಬರಬೇಕು. ಬರಿ ದ್ರವದ ನಡುವೆ ಗುಳ್ಳೆ ಹುಟ್ಟುವುದು ಕಷ್ಟ, ಅದಕ್ಕೆ ಒಂದು ಆಸರೆ ಬೇಕು. ನಯವಾದ ಗಾಜಿಗಿಂತ ಶೇಂಗಾದ ಒರಟು ಮೈ ಅದಕ್ಕೆ ಅನುಕೂಲ. ಬೀಜ ಬಿಯರ್‌ಗಿಂತ ಸ್ವಲ್ಪವೇ ಭಾರ, ಗುಳ್ಳೆಗಳು ಕಟ್ಟಿಕೊಂಡರೆ ಎರಡೂ ಸೇರಿ ಹಗುರ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಬಾರಿನವರು ಹೀಗೆ ಶೇಂಗಾ ಹಾಕುವುದನ್ನು ಲೂಯಿಸ್ ಪೆರೇರಾ ಎಂಬ ವಿಜ್ಞಾನಿ ನೋಡಿದರು. 2023ರಲ್ಲಿ ಅವರೂ ಜೊತೆಗಾರರೂ ಇದರ ಮೇಲೆ ಪ್ರಬಂಧವನ್ನೇ ಪ್ರಕಟಿಸಿದರು. ಅದರಲ್ಲಿ ಬರುವ ಇನ್ನೊಂದು ಮಾತು ನಮ್ಮ ಊರಿನವರು ಕೇಳಬೇಕಾದದ್ದು. ಭೂಮಿಯೊಳಗೆ ಕರಗಿದ ಬಂಡೆಯಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಹರಳುಗಳಿರುತ್ತವೆ. ಭಾರ ನೋಡಿದರೆ ತಳಕ್ಕೆ ಹೋಗಬೇಕು. ಕೆಲವು ಕಡೆ ಅವು ಮೇಲೆ ಸಿಗುತ್ತವೆ. ಗುಳ್ಳೆಗಳು ಹರಳಿಗೆ ಅಂಟಿ ಅದನ್ನು ಎತ್ತಿಕೊಂಡು ಹೋಗಿರಬಹುದು, ಈ ಶೇಂಗಾದ ಹಾಗೆ. ತಾಮ್ರದ ಅದಿರಿನ ಪುಡಿಯನ್ನು ಕಲ್ಲಿನ ಪುಡಿಯಿಂದ ಬೇರೆ ಮಾಡಲು ಕೈಗಾರಿಕೆಯಲ್ಲೂ ನೊರೆಗೆ ಅಂಟಿಸಿ ತೇಲಿಸುತ್ತಾರೆ. ನಮ್ಮ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತಲ್ಲ, ಅಲ್ಲಿ ದುಡಿದವರು ಯಾರಾದರೂ ಇಲ್ಲಿದ್ದರೆ ಬಿಡುವಿನಲ್ಲಿ ನನಗೆ ಸಿಗಿ.

ಕರಗಿದ ಬಂಡೆ ನೋಡಲು ನಾವು ದೂರ ಹೋಗಬೇಕಿಲ್ಲ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಅದು. ತಣ್ಣೀರು ತಗುಲಿದ ಕೂಡಲೇ ಹೊರಮೈ ಗಟ್ಟಿಯಾಯಿತು, ಒಳಗಿನದು ಉಬ್ಬಿ ದಿಂಬಾಯಿತು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟೆ ನೋಡಲು ಬಂದ ನೆಂಟರನ್ನು ಒಬ್ಬರಾದರೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೀರಾ? ಈ ಬರಗಾಲದ ಸೀಮೆ ಒಂದು ಕಾಲಕ್ಕೆ ನೀರಿನ ತಳ ಆಗಿತ್ತು ಎಂದು ಆ ಕಲ್ಲು ಮುಟ್ಟಿದಾಗಲೇ ನಂಬಿಕೆ ಬರುವುದು.

ಚಳ್ಳಕೆರೆ ಕಡೆಯದೂ ಹಾಗೇ. 2023ರ ಏಪ್ರಿಲ್ 2ರಂದು ಇಸ್ರೋದವರು, ಬಾಹ್ಯಾಕಾಶಕ್ಕೆ ಹೋಗಿ ವಾಪಸ್ ಬಂದು ಮತ್ತೆ ಬಳಸಬಹುದಾದ ರಾಕೆಟ್‌ಗಾಗಿ ಮಾಡಿದ, ರೆಕ್ಕೆ ಇರುವ ವಾಹನವೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ಕಟ್ಟಿ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟರು. ಅದು ತಾನಾಗಿಯೇ ಬಂದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಇನ್ನೂ ಎರಡು ಸಲ ಮಾಡಿದರು. ಕೊನೆಯ ಸಲ ಇಳಿಯುವಾಗ ವೇಗ ಗಂಟೆಗೆ 320 ಕಿಲೋಮೀಟರ್ ದಾಟಿತ್ತು. ಪ್ರಯಾಣಿಕರ ವಿಮಾನ ಇಳಿಯುವುದು ಸುಮಾರು 260ರಲ್ಲಿ. ಅಷ್ಟು ಜೋರಾಗಿ ಯಾಕೆ ಇಳಿಯಬೇಕು, ಟೈರು ಹೇಗೆ ತಡೆಯುತ್ತದೆ ಎಂದು ಆ ವಾರ ಊರಲ್ಲಿ ಮಾತಾಗಬೇಕಿತ್ತು. ಟಿವಿಯಲ್ಲಿ ನೋಡಿ ಮರೆತೆವು.

ನಮ್ಮ ಪದ್ಧತಿ ಲೀಡ್ಸ್‌ನದೇ. ಇಪ್ಪತ್ತು ನಿಮಿಷ ಮಾತು, ಬಿಡುವು, ಆಮೇಲೆ ಪ್ರಶ್ನೆ. ಒಂದು ಬದಲಾವಣೆ ನನ್ನದು. ಇಲ್ಲಿ ಮಾತಾಡಲು ಪ್ರೊಫೆಸರ್ ಆಗಿರಬೇಕಿಲ್ಲ. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರ ರಿಪೇರಿ ಮಾಡುವವರು ಬರಲಿ, ಹೆರಿಗೆ ವಾರ್ಡಿನ ನರ್ಸ್ ಬರಲಿ, ಎಣ್ಣೆ ಗಾಣದವರು ಬರಲಿ. ತಾನು ದಿನಾ ಮಾಡುವ ಕೆಲಸದೊಳಗಿನ ವಿಜ್ಞಾನ ಹೇಳಬೇಕು. ಅದಕ್ಕೆ ಪುಸ್ತಕದ ಕಡೆಯಿಂದ ಏನಾದರೂ ಬೇಕಾದರೆ ಜೊತೆಗೆ ನಾವು ಒಂದಿಬ್ಬರು ಮೇಷ್ಟ್ರು ಇರುತ್ತೇವೆ.

ಬಾಗಿಲಲ್ಲಿ ಇಟ್ಟ ಡಬ್ಬಿಯಲ್ಲಿ ಆಗಲೇ ಚೀಟಿಗಳು ಬಿದ್ದಿವೆ. ಮೇಲಿನದು ಇದು. "ಬೋರ್ ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತಾ?" ಹೋಗಲ್ಲ. ದಯವಿಟ್ಟು ಇದನ್ನು ಮನೆಯಲ್ಲೂ ಹೇಳಿ. ಕಾಯಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಅಲ್ಲೇ ಇರುತ್ತದೆ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಅದು ಬಂಡೆಯಿಂದಲೇ ಕರಗಿ ಬರುತ್ತದೆ.

ಯಾವ ಆಳದಲ್ಲಿ ಯಾವ ಬಂಡೆ ಸಿಗುತ್ತದೆ, ಎಲ್ಲಿ ಬಿರುಕು ಬಿಟ್ಟು ನೀರು ಬರುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವನು ಇವತ್ತಿನ ಮುಖ್ಯ ಭಾಷಣಕಾರ. ಡಿಸೆಂಬರ್ ತಿಂಗಳ ಆ ಹುಡುಗ. ಹೋದ ವಾರ ಕೊರೆದ ಬೋರಿನ ಕಲ್ಲುಪುಡಿಯನ್ನು ನೂರು ಅಡಿಗೊಂದರಂತೆ ಕವರಿನಲ್ಲಿ ಕಟ್ಟಿ, ಮೇಲೆ ಆಳ ಬರೆದು ತಂದಿದ್ದಾನೆ. ಒಟ್ಟು ಎಂಟು ಕವರ್ ಇವೆ. ಒಂದೊಂದಾಗಿ ಟೇಬಲ್‌ನಿಂದ ಟೇಬಲ್‌ಗೆ ದಾಟಿಸಿ, ಬೆರಳಲ್ಲಿ ಉಜ್ಜಿ ನೋಡಿ. ಬಾಪ್ಪಾ, ಮೈಕ್ ತಗೋ.