ಗೋರಿಯ ನೆತ್ತಿಗೆ ಕಿಂಡಿ ಬೇಕಿತ್ತಾ?

ನಮಸ್ಕಾರ. ಇವತ್ತು ಒಂದು ಬೆಳಕಿನ ಕಿಂಡಿಯ ಬಗ್ಗೆ ನನ್ನ ತಕರಾರು ಹೇಳಿಬಿಡುತ್ತೇನೆ.

ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ಕೇತ್‌ನೆಸ್ ಅಂತ ಒಂದು ಸೀಮೆ. ಮರ ಕಮ್ಮಿ, ಜೌಗು ಜಾಸ್ತಿ. ಅಲ್ಲಿನ ಕ್ಯಾಮ್‌ಸ್ಟರ್‌ನಲ್ಲಿ ಬೂದು ಕಲ್ಲಿನ ಎರಡು ಗುಡ್ಡೆಗಳಿವೆ. ದೂರದಿಂದ ನೋಡಿದರೆ ಯಾರೋ ರಸ್ತೆ ಕೆಲಸಕ್ಕೆ ಕಲ್ಲು ಸುರಿದು ಮರೆತು ಹೋದ ಹಾಗಿದೆ. ಆದರೆ ಒಳಗೆ ಗೋರಿಕೋಣೆಗಳಿವೆ. 5,000 ವರ್ಷಕ್ಕಿಂತ ಹಳೆಯವು. ಈಜಿಪ್ಟಿನ ದೊಡ್ಡ ಪಿರಮಿಡ್ಡಿಗಿಂತ ಮುಂಚಿನವು.

ಎರಡರಲ್ಲಿ ದುಂಡಗಿರುವ ಗುಡ್ಡೆಯೊಳಗೆ ಹೋಗಲು ಸುಮಾರು 6 ಮೀಟರ್ ಅಂಬೆಗಾಲಿಡಬೇಕು. ಮೊಣಕಾಲಿಗೆ ತಣ್ಣನೆಯ ಕಲ್ಲು, ಬೆನ್ನ ಮೇಲೆ ಚಪ್ಪಡಿ. ಆಮೇಲೆ ಒಮ್ಮೆಗೇ ಎದ್ದು ನಿಲ್ಲಬಹುದು. ಸುತ್ತಲೂ ಕಲ್ಲಿನ ಗೋಡೆ. ಗಾರೆ ಇಲ್ಲ, ಸುಣ್ಣ ಇಲ್ಲ. ಒಂದೊಂದು ವರಸೆಯನ್ನೂ ಕೆಳಗಿನದಕ್ಕಿಂತ ತುಸು ಮುಂದೆ ಚಾಚಿ, ಮೇಲೆ ಹೋದಂತೆ ಕಿರಿದು ಮಾಡಿ, ನೆತ್ತಿ ಮುಚ್ಚಿದ್ದಾರೆ.

ಮುಚ್ಚಿದ್ದರು ಅನ್ನಬೇಕು. ಈಗ ಆ ನೆತ್ತಿಯಲ್ಲೊಂದು ಕಿಂಡಿ. ಹೊಸ ಕಾಲದ್ದು.

‘ಬಂದವರಿಗೆ ಒಳಗೆ ಕಾಣಬೇಡವೇ?’ ಅಂತೀರಿ. ಕಾಣಬೇಕು, ಒಪ್ಪಿದೆ. ಈಗ ಎಲ್ಲರ ಜೇಬಲ್ಲೂ ಟಾರ್ಚ್ ಇದೆಯಲ್ವಾ? ಕಟ್ಟಿದವರಿಗೆ ಏನು ಬೇಕಿತ್ತು, ಅದನ್ನೂ ಸ್ವಲ್ಪ ನೋಡಿ. 1860ರ ದಶಕದಲ್ಲಿ ಜೋಸೆಫ್ ಆಂಡರ್ಸನ್ ಮತ್ತು ರಾಬರ್ಟ್ ಶಿಯರರ್ ಇಲ್ಲಿ ಅಗೆದಾಗ ಒಳದಾರಿಯ ತುಂಬ ಕಲ್ಲು ತುರುಕಿತ್ತು. ಬೇಕಂತಲೇ. ಕೋಣೆಯಲ್ಲಿ ಸುಟ್ಟ ಮೂಳೆ, ಮಡಕೆ ಚೂರು. ಸತ್ತವರನ್ನು ಕತ್ತಲಲ್ಲಿ ಬಿಟ್ಟು ಗೋರಿಯ ಬಾಯಿ ಮುಚ್ಚಿ ಹೋದವರು ಆ ಕಟ್ಟಿದವರು.

ಸ್ಕಾಟ್ಲೆಂಡಿನದೇ ಆರ್ಕ್ನಿ ದ್ವೀಪಗಳಲ್ಲಿರುವ ಮೇಸ್‌ಹೌ ಗೋರಿಯಲ್ಲಿ ಈ ಕತ್ತಲ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಡಿಸೆಂಬರಿನ ಆ ಗಿಡ್ಡ ಹಗಲುಗಳಲ್ಲಿ, ಮುಳುಗುವ ಸೂರ್ಯನ ಬೆಳಕು ಉದ್ದನೆಯ ದಾರಿಯಲ್ಲಿ ನುಗ್ಗಿ ಹಿಂದಿನ ಗೋಡೆ ಮುಟ್ಟುತ್ತದೆ. ಮೇಲೊಂದು ಕಿಂಡಿ ಇದ್ದಿದ್ದರೆ ಆ ಬೆಳಕನ್ನು ಯಾರು ಕೇಳುತ್ತಿದ್ದರು? 12ನೇ ಶತಮಾನದಲ್ಲಿ ನಾರ್ಸ್ ಜನ, ಅಂದರೆ ವೈಕಿಂಗರ ವಂಶದವರು, ಅದರೊಳಗೆ ಹೊಕ್ಕು ಗೋಡೆ ತುಂಬ ಗೀಚಿದರು, ನಾನು ಇಂಥವನು, ನಾನು ಕೆತ್ತಿದೆ ಅಂತ. ಅವರೂ ನೆತ್ತಿ ಒಡೆದೇ ಇಳಿದರು ಅನ್ನುತ್ತಾರೆ. ನೋಡಿ, ಹಳೇ ಚಾಳಿ!

ಕ್ಯಾಮ್‌ಸ್ಟರ್‌ನ ಕಿಂಡಿ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಕಿತ್ತರೆ ಮಳೆ ಸೋರುತ್ತದೆ. ವಾರಕ್ಕೊಂದು ದಿನ ಮೇಲೊಂದು ಟಾರ್ಪಾಲು ಹೊದಿಸಿ, ಸಾಕು. ಆ ದಿನ ಟಾರ್ಚ್ ಹಚ್ಚದೆ ಹತ್ತು ನಿಮಿಷ ಸುಮ್ನೆ ಕೂರುವವರ ಸಾಲಿನಲ್ಲಿ ಮೊದಲು ನಾನಿರುತ್ತೇನೆ.