ಲೊಕೇಶನ್ ಆಮೇಲೆ ನೋಡ್ರೀ, ಮೊದಲು ಹಾಡು ಕೇಳ್ರೀ

ನಮಸ್ಕಾರ್ರೀ. ಈ ಸೆಮಿಸ್ಟರ್‌ಗೆ ಮ್ಯೂಸಿಕ್ ವಿಡಿಯೋ ಪ್ರಾಜೆಕ್ಟ್ ಇರುವವರು ಸ್ವಲ್ಪ ಕೇಳಿ. ನಮ್ಮ ಕಲಬುರಗಿಯಲ್ಲಿ ಪ್ರಾಜೆಕ್ಟ್ ಕೊಟ್ಟ ದಿನವೇ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬ ಕೇಳುತ್ತಾನೆ, "ಎಲ್ಲಿ ಶೂಟ್ ಮಾಡೋಣ?" ಇನ್ನೊಬ್ಬ, "ಬೀದರ್ ಕೋಟೆ." ಮುಗೀತು ಪ್ಲ್ಯಾನಿಂಗ್. ನಗಬೇಡಿ, ಹೋದ ವರ್ಷ ನಾವೂ ಇದನ್ನೇ ಮಾಡಿದ್ದು.

ಹಾಡು ಗೆಳೆಯನೇ ಬರೆದು ಹಾಡಿದ್ದು. ಗುಳೆ ಹೋದ ಮಗನಿಗೆ ಕಾಯುವ ತಾಯಿಯ ಹಾಡು. ಕೋಟೆಗೂ ಅದಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಶೂಟಿಂಗ್‌ಗೆ ಮೊದಲೇ ಅನುಮತಿ ಬೇಕು, ಊರಲ್ಲೇ ವಾಯುಪಡೆಯ ನೆಲೆ ಇರೋದರಿಂದ ಡ್ರೋನ್ ಮಾತು ಎತ್ತೋ ಹಾಗೇ ಇಲ್ಲ. ಇದಕ್ಕೆಲ್ಲ ಓಡಾಡಿದ್ದರಲ್ಲಿ ಅರ್ಧ ಶ್ರಮ ಹಾಡಿಗೆ ಹಾಕಿದ್ದರೂ ಸಾಕಿತ್ತು.

ಏಪ್ರಿಲ್ ಬಿಸಿಲು. ಬೆಳಿಗ್ಗೆ ಏಳಕ್ಕೆ ಶುರು ಅಂತ ಇತ್ತು. ಸ್ಪೀಕರ್ ಚಾರ್ಜ್ ಆಗಿರಲಿಲ್ಲ, ಒಬ್ಬ ಸುಸಲಾ ಮಿರ್ಚಿ ತರ್ತೀನಿ ಅಂತ ಹೋದವನು ಒಂದು ಗಂಟೆ ಬರಲಿಲ್ಲ. ವೈಡ್ ಶಾಟ್ ತೆಗೆಯುವಾಗ ಹನ್ನೊಂದು, ಅದೇ ಸಾಲಿನ ಕ್ಲೋಸಪ್‌ಗೆ ಸಂಜೆ ನಾಲ್ಕು. ಎಡಿಟಿಂಗ್‌ನಲ್ಲಿ ಎರಡನ್ನೂ ಪಕ್ಕ ಇಟ್ಟು ನೋಡಿದರೆ, ಒಂದೇ ಸಾಲು ಹಾಡುತ್ತಿರುವ ಹುಡುಗನ ಮೂಗಿನ ನೆರಳು ಮೊದಲು ಎಡಗೆನ್ನೆ ಮೇಲೆ, ಕಟ್ ಆದ ಕೂಡಲೇ ಬಲಗೆನ್ನೆ ಮೇಲೆ. ಎಡಿಟ್ ಮಾಡುವವನು "ಗ್ರೇಡಿಂಗ್‌ನಲ್ಲಿ ಸರಿ ಮಾಡ್ತೀನಿ" ಅಂದ. ಗ್ರೇಡಿಂಗ್ ಅಂದರೆ ಬಣ್ಣ, ಬೆಳಕು ಹೊಂದಿಸೋದು; ನೆರಳು ತಿರುಗಿಸೋ ಗ್ರೇಡಿಂಗ್ ಯಾವ ಸಾಫ್ಟ್‌ವೇರ್‌ನಲ್ಲಿದೆಯಪ್ಪಾ?

ಈಗ ಅನಾಲಿಸಿಸ್ ವಿಷಯ, ಅಂದರೆ ಒಂದು ಮ್ಯೂಸಿಕ್ ವಿಡಿಯೋ ನೋಡಿ ಬಿಡಿಸಿ ಬರೆಯೋದು. ಜಾಸ್ತಿ ಜನ ಕಥೆ ಬರೆದು ಕೊಡುತ್ತಾರೆ. ಹುಡುಗ ಬಂದ, ಹುಡುಗಿ ಹೋದಳು, ಮಳೆ ಬಂತು. ಅದು ನೋಡಿದವರಿಗೆಲ್ಲ ಗೊತ್ತಿರೋದೇ ಅಲ್ವಾ? ಒಂದು ವಿಡಿಯೋದ ಮೂವತ್ತು ಸೆಕೆಂಡ್ ತಗೊಳ್ಳಿ, ಸೌಂಡ್ ಬಂದ್ ಮಾಡಿ, ಪ್ರತಿ ಕಟ್‌ಗೂ ನೋಟ್‌ಬುಕ್‌ನಲ್ಲಿ ಒಂದು ಗೀಟು ಹಾಕಿ. ಆಮೇಲೆ ಸೌಂಡ್ ಇಟ್ಟು ನೋಡಿ, ಕಟ್ ಬೀಟ್ ಮೇಲೆ ಬೀಳುತ್ತಾ, ಇಲ್ಲ ಸ್ವಲ್ಪ ಮುಂಚೆಯೇ ಬೀಳುತ್ತಾ ಅಂತ. ನಮ್ಮ ಹಾಡು ನಿಮಿಷಕ್ಕೆ 80 ಬೀಟ್. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಶೂಟ್ ಮಾಡಿದರೆ ಒಂದು ಬೀಟ್‌ಗೆ 18 ಫ್ರೇಮ್. ನಾವು ಬೀಟ್‌ಗೊಂದು ಕಟ್ ಹಾಕಿದ್ದೆವು, ತಾಯಿ ಕಾಯುವ ಹಾಡಿಗೆ! ಕಾಯೋರ ಮುಖವನ್ನು ಮುಕ್ಕಾಲು ಸೆಕೆಂಡ್ ತೋರಿಸಿದರೆ ಕಾದ ಹಾಗೆ ಎಲ್ಲಿ ಅನಿಸುತ್ತದೆ?

ಆಂಡ್ರ್ಯೂ ಗುಡ್ವಿನ್ ಅಂತ ಒಬ್ಬರು 1992ರಲ್ಲಿ ಮ್ಯೂಸಿಕ್ ವಿಡಿಯೋ ಬಗ್ಗೆ ಬರೆದಿದ್ದಾರೆ, ಸಿಲಬಸ್‌ನಲ್ಲಿ ಬರುತ್ತೆ. ಚಿತ್ರ ಹಾಡಿನ ಮಾತನ್ನೇ ತೋರಿಸಬಹುದು, ಅದಕ್ಕೆ ಇನ್ನಷ್ಟು ಸೇರಿಸಬಹುದು, ಇಲ್ಲ ಅದಕ್ಕೆ ಉಲ್ಟಾ ಆಗಿಯೋ ಸಂಬಂಧವೇ ಇಲ್ಲದ ಹಾಗೋ ದೂರ ನಿಲ್ಲಬಹುದು, ಈ ಮೂರನೆಯದಕ್ಕೆ ಡಿಸ್‌ಜಂಕ್ಚರ್ ಅಂತಾರೆ. ನಮ್ಮ ಹಾಡಲ್ಲಿ "ಮಗ ಹಬ್ಬಕ್ಕೆ ಬರ್ತಾನ" ಅಂತ ಒಂದು ಸಾಲಿದೆ. ಮಗ ಬಸ್ಸಿಂದ ಇಳಿದರೆ ಅದು ಮೊದಲನೆಯದು. ತಾಯಿ ನಾಲ್ಕು ಹೋಳಿಗೆ ಬಟ್ಟೆಯಲ್ಲಿ ಸುತ್ತಿ ಬೇರೆ ಎತ್ತಿಟ್ಟರೆ ಎರಡನೆಯದು. ಮನೆಗೇ ಬೀಗ ಬಿದ್ದಿದ್ದರೆ, ಅಂದರೆ ತಾಯಿಯೂ ಗುಳೆ ಹೋಗಿದ್ದರೆ, ಮೂರನೆಯದು. ನನ್ನನ್ನು ಕೇಳಿದರೆ ಇದೇ ಗಟ್ಟಿ. ಆದರೆ ಸುಮ್ನೆ ಏನೋ ತೆಗೆದವರು ಬಚಾವಾಗೋಕೆ ಹಿಡಿಯೋದೂ ಇದನ್ನೇ. ಆ ಸಾಲಿಗೆ ನಾವು ತೋರಿಸಿದ್ದು ಕೋಟೆ ಗೋಡೆಗೆ ಒರಗಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಹುಡುಗನನ್ನು. ವೈವಾದಲ್ಲಿ "ಸರ್, ಡಿಸ್‌ಜಂಕ್ಚರ್" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಸುಮ್ಮನೆ ನನ್ನ ಮುಖ ನೋಡಿದರು.

ಈಗ ಮತ್ತೆ ತೆಗೆಯುತ್ತಿದ್ದೇವೆ, ಮಾರ್ಕ್ಸ್‌ಗಲ್ಲ. ಯಾದಗಿರಿ ಕಡೆ ಗೆಳೆಯನ ಊರಲ್ಲಿ ಬೀಗ ಹಾಕಿದ ಒಂದು ಮನೆ ಸಿಕ್ಕಿದೆ. ಸಂಜೆ ನಾಲ್ಕು ಹತ್ತರಿಂದ ನಾಲ್ಕೂವರೆ ತನಕ ಬಿಸಿಲು ಸರಿಯಾಗಿ ಬೀಗದ ಮೇಲೆ ಬೀಳುತ್ತದೆ, ಟೈಮ್ ಬರೆದಿಟ್ಟುಕೊಂಡಿದ್ದೇನೆ. ಒಂದೇ ಶಾಟ್, ಕಟ್ ಇಲ್ಲ. ಎರಡು ದಿನ ಬಂದರೆ ನಡೆಯುತ್ತಾ ಅಂತ ಪಕ್ಕದ ಮನೆ ಅವ್ವಾರನ್ನು ಕೇಳಿದೆ. "ಎಷ್ಟ್ ದಿನಾ ಬೇಕಾದ್ರೂ ತಗೋರಪ್ಪಾ, ಈ ಸಲ ಯುಗಾದಿಗೂ ಅವರು ಬರಂಗಿಲ್ಲ" ಅಂದರು.