ಕಳುಹಿಸುವ ಮುನ್ನ ಕೇಳಬೇಕಾದ ಮಾತು

ಕೇಳುಗರಿಗೆ ನಮಸ್ಕಾರ.

ತನ್ನ ಗಡಿಯೊಳಗೆ ಯಾರು ನೆಲೆಸಬಹುದು, ಯಾರು ನೆಲೆಸಕೂಡದು ಎಂದು ತೀರ್ಮಾನಿಸುವ ಅಧಿಕಾರ ಪ್ರತಿಯೊಂದು ರಾಷ್ಟ್ರಕ್ಕೂ ಇದೆ. ಅನುಮತಿಯಿಲ್ಲದೆ ಉಳಿದುಕೊಂಡ ವಲಸಿಗರನ್ನು ಹಿಂದಕ್ಕೆ ಕಳುಹಿಸುವುದನ್ನು ಅಂತರರಾಷ್ಟ್ರೀಯ ಕಾನೂನು ಸಾರಾಸಗಟಾಗಿ ತಡೆಯುವುದಿಲ್ಲ. ಆದರೆ ಕಳುಹಿಸುವ ಮುನ್ನ ಆ ಮನುಷ್ಯನ ಅಹವಾಲನ್ನು ಕೇಳಲಾಯಿತೇ, ಹೋದ ಕಡೆ ಅವನಿಗೆ ಏನು ಕಾದಿದೆಯೆಂದು ವಿಚಾರಿಸಲಾಯಿತೇ ಎಂದು ಅದು ಕೇಳುತ್ತದೆ. ಇದಕ್ಕೆ ಉತ್ತರವಿಲ್ಲದ ನೀತಿಯನ್ನು ಮಾನವ ಹಕ್ಕುಗಳಿಗೆ ಹೊಂದುವ ನೀತಿಯೆಂದು ಒಪ್ಪಲು ನನ್ನಿಂದಾಗದು.

2009ರ ಮೇ 6ರಂದು ಇಟಲಿಯ ಲ್ಯಾಂಪೆಡೂಸಾ ದ್ವೀಪದ ದಕ್ಷಿಣಕ್ಕೆ 35 ನಾಟಿಕಲ್ ಮೈಲಿ ದೂರದಲ್ಲಿ, ಲಿಬಿಯಾದಿಂದ ಹೊರಟಿದ್ದ ಮೂರು ದೋಣಿಗಳನ್ನು ಇಟಲಿಯ ಗಸ್ತು ಹಡಗುಗಳು ತಡೆದವು. ದೋಣಿಗಳಲ್ಲಿ ಸುಮಾರು 200 ಮಂದಿ ಇದ್ದರು. ಅವರನ್ನು ಇಟಲಿಯ ಸೇನಾ ಹಡಗುಗಳಿಗೆ ಹತ್ತಿಸಿಕೊಳ್ಳಲಾಯಿತು. ನೀವು ಯಾರು, ಯಾವ ದೇಶದವರು, ಏಕೆ ಹೊರಟಿರಿ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನೂ ತಿಳಿಸಲಿಲ್ಲ. ಗುರುತಿನ ಪತ್ರಗಳನ್ನು ಕಸಿದುಕೊಳ್ಳಲಾಯಿತೆಂದು ಪ್ರಯಾಣಿಕರು ಆಮೇಲೆ ದೂರಿದರು. ಹತ್ತು ಗಂಟೆಗಳ ಪ್ರಯಾಣದ ನಂತರ ಅವರು ತಲುಪಿದ್ದು ಟ್ರಿಪೋಲಿ ಬಂದರನ್ನು. ಇಳಿಯಲು ಒಪ್ಪದವರನ್ನು ಬಲವಂತದಿಂದ ಇಳಿಸಿ ಲಿಬಿಯಾದ ಅಧಿಕಾರಿಗಳ ವಶಕ್ಕೆ ಕೊಡಲಾಯಿತು.

ಅವರಲ್ಲಿ 11 ಮಂದಿ ಸೋಮಾಲಿಯಾದವರು ಮತ್ತು 13 ಮಂದಿ ಎರಿಟ್ರಿಯಾದವರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆಹೋದರು. ಲಿಬಿಯಾದೊಡನೆ ಮಾಡಿಕೊಂಡ ಒಪ್ಪಂದದಂತೆಯೇ ನಡೆದುಕೊಂಡಿದ್ದೇವೆಂದು ಇಟಲಿ ವಾದಿಸಿತು. 2012ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟ ಮಹಾಪೀಠ ಆ ವಾದವನ್ನು ಸರ್ವಾನುಮತದಿಂದ ತಳ್ಳಿಹಾಕಿತು. ನಡುಗಡಲಾದರೂ ಜನರು ಇದ್ದದ್ದು ಇಟಲಿಯ ಹಡಗಿನಲ್ಲಿ, ಆದ್ದರಿಂದ ಹೊಣೆಯೂ ಇಟಲಿಯದೇ. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸದೆ ಗುಂಪಾಗಿ ಹೊರದಬ್ಬಕೂಡದು. ಲಿಬಿಯಾದಲ್ಲಿ ಹಿಂಸೆಗೊಳಗಾಗುವ, ಅಲ್ಲಿಂದ ಸೋಮಾಲಿಯಾಕ್ಕೋ ಎರಿಟ್ರಿಯಾಕ್ಕೋ ದಬ್ಬಿಸಿಕೊಳ್ಳುವ ಅಪಾಯವನ್ನು ಇಟಲಿ ಅರಿಯಬೇಕಾಗಿತ್ತು ಎಂದು ಅದು ಹೇಳಿತು. ಅರ್ಜಿದಾರರಿಗೆ ತಲಾ 15,000 ಯೂರೋ ಪರಿಹಾರ ವಿಧಿಸಿತು. ತೀರ್ಪು ಬರುವ ಮೊದಲೇ ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಕೇಳಬೇಕಾದುದನ್ನು ಹಡಗಿನ ಮೇಲೆಯೇ ಕೇಳಿದ್ದರೆ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಪ್ರಾಣಕ್ಕೆ ಅಪಾಯವಿರುವೆಡೆಗೆ ನಿರಾಶ್ರಿತರನ್ನು ಅಟ್ಟಬಾರದೆಂಬುದು 1951ರ ನಿರಾಶ್ರಿತರ ಒಪ್ಪಂದದ 33ನೆಯ ವಿಧಿ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಹಾಗಿದ್ದರೂ 1996ರಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ, ಸಂವಿಧಾನದ 21ನೆಯ ವಿಧಿಯು ನಾಗರಿಕರಲ್ಲದವರ ಜೀವವನ್ನೂ ಕಾಯುತ್ತದೆಂದು ನಮ್ಮ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಹಿಂದಕ್ಕೆ ಕಳುಹಿಸುವ ಬಗೆಗಿನ ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನವು, ಅನುಮತಿಯಿಲ್ಲದೆ ಉಳಿದವರಿಗೆ ತಾವಾಗಿಯೇ ಹೊರಡಲು ಸಾಮಾನ್ಯವಾಗಿ 7ರಿಂದ 30 ದಿನಗಳ ಕಾಲಾವಕಾಶವನ್ನು ಕೊಡುತ್ತದೆ. ಬಂಧನವನ್ನು ಕೊನೆಯ ಉಪಾಯವಾಗಿ ಮಾತ್ರ ಬಳಸಬೇಕೆನ್ನುತ್ತದೆ. ಅದೇ ನಿರ್ದೇಶನ, ಅಪರಾಧವನ್ನೇ ಎಸಗದವರನ್ನು ಗರಿಷ್ಠ 18 ತಿಂಗಳವರೆಗೆ ಕೂಡಿಹಾಕಲು ಅವಕಾಶ ಮಾಡಿಕೊಡುತ್ತದೆ. ಕಾಗದಪತ್ರ ಸಿಗಲಿಲ್ಲವೆಂದು ಒಬ್ಬ ಮನುಷ್ಯನ ಬದುಕಿನ ಒಂದೂವರೆ ವರ್ಷವನ್ನು ಕಿತ್ತುಕೊಳ್ಳುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2025ರ ಮಾರ್ಚ್‌ನಲ್ಲಿ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ ಮುಂದಿಟ್ಟ ಹೊಸ ಪ್ರಸ್ತಾವ ಈ ಅವಧಿಯನ್ನು 24 ತಿಂಗಳಿಗೆ ಏರಿಸಲು ಹೊರಟಿತು. ಹೊರಹೋಗಬೇಕೆಂಬ ಆದೇಶ ಪಡೆದವರನ್ನು, ಒಪ್ಪಂದಕ್ಕೆ ಬಂದ ಮೂರನೆಯ ದೇಶದ ಕೇಂದ್ರಗಳಿಗೆ ಸಾಗಿಸುವ ದಾರಿಯನ್ನೂ ಅದು ತೆರೆಯಿತು. ಮಕ್ಕಳಿರುವ ಕುಟುಂಬಗಳನ್ನೂ ಒಂಟಿ ಮಕ್ಕಳನ್ನೂ ಹೊರತುಪಡಿಸಿದ್ದು ಸರಿಯೇ. ಆದರೆ ತಾನು ಹಿಂದೆಂದೂ ಕಾಲಿಡದ ನಾಡಿನ ಕೇಂದ್ರದಲ್ಲಿ ಒಬ್ಬನನ್ನು ಹೊಡೆದರೆ ಅವನು ಯಾವ ನ್ಯಾಯಾಲಯದ ಬಾಗಿಲು ತಟ್ಟಬೇಕು, ಅವನ ಭಾಷೆ ಬಲ್ಲ ದುಭಾಷಿಯನ್ನೂ ವಕೀಲನನ್ನೂ ಯಾರು ಒದಗಿಸಬೇಕು, ಅಲ್ಲಿಂದ ಮುಂದಕ್ಕೆ ಅವನನ್ನು ಅಪಾಯದ ಕಡೆಗೆ ದಬ್ಬಿದರೆ ಹೊಣೆ ಯಾರದು ಎಂಬುದನ್ನು ಇಂಥ ಪ್ರತಿಯೊಂದು ಒಪ್ಪಂದವೂ ಮೊದಲ ವಿಮಾನ ಹೊರಡುವುದಕ್ಕೆ ಮುಂಚೆಯೇ ಲಿಖಿತವಾಗಿ ಹೇಳಬೇಕು. ಹೇಳದ ಒಪ್ಪಂದಕ್ಕೆ ಯಾವ ಸಂಸತ್ತೂ ಒಪ್ಪಿಗೆ ನೀಡಬಾರದು.